ಡಬ್ಬಿ

ಲಿಫ್ಟು ಎರಡನೇ ಮಹಡಿ ದಾಟುತ್ತಿದ್ದಾಗ ಅವನಿಗೆ ಆ ಹಾಡಿನ ಗುರುತು ಹತ್ತಿತು. ಹತ್ತದೇ ಇದ್ದಿದ್ದರೆ ಒಳ್ಳೆಯದಿತ್ತು. ತಲೆಯ ಮೇಲಿನ ಜರಡಿಯಂಥ ತಗಡಿನ ಹಿಂದೆ ಎಲ್ಲೋ ಅಡಗಿದ್ದ ಸ್ಪೀಕರಿನಿಂದ ಒಂದು ಕೊಳಲು, ಜ್ವರ ಬಂದವರನ್ನು ಮಾತಾಡಿಸುವ ದನಿಯಲ್ಲಿ, ಅದನ್ನು ನುಡಿಸುತ್ತಿತ್ತು. ಹಿನ್ನೆಲೆಯಲ್ಲಿ ಹನಿ ಹನಿ ತೊಟ್ಟಿಕ್ಕುವ ಪಿಯಾನೋ. ಅವನು ಹದಿನಾರರ ಹುಡುಗನಾಗಿದ್ದಾಗ ಆ ಹಾಡು ಶುರುವಾಗುತ್ತಿದ್ದದ್ದು ಗಿಟಾರಿನ ಒಂದು ಕಿರುಚಾಟದಿಂದ, ಕಬ್ಬಿಣದ ಶಟರನ್ನು ಯಾರೋ ಉಗುರಿನಿಂದ ಸೀಳಿದ ಹಾಗೆ. ಆಮೇಲೆ ಡ್ರಮ್ಮು. ಆಮೇಲೆ ಗಂಟಲು ಹರಿದುಕೊಂಡ ಒಬ್ಬ ಮನುಷ್ಯ. ಆ ಮನುಷ್ಯ ಈಗ ಯಾವುದೋ ಈಜುಕೊಳದ ಪಕ್ಕ ಕೂತು ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿರಬಹುದು ಎಂದುಕೊಳ್ಳುತ್ತ ಅವನು ಪಕ್ಕದಲ್ಲಿ ನಿಂತಿದ್ದ ಲಿಫ್ಟ್ ಕಂಪನಿಯ ಎಂಜಿನಿಯರನ್ನು ನೋಡಿದ. ಎಂಜಿನಿಯರ್ ಮೈತುಂಬ ಸೆಂಟು ಹೊಡೆದುಕೊಂಡು ಬಂದಿದ್ದ. ತನ್ನಂಥ ಸರ್ಕಾರದ ಲಿಫ್ಟ್ ಇನ್ಸ್‌ಪೆಕ್ಟರ್ ಬರುತ್ತಾನೆಂದರೆ ಇವರೆಲ್ಲ ಮದುಮಕ್ಕಳ ಹಾಗೆ ತಯಾರಾಗುತ್ತಾರೆ, ಹಗ್ಗಕ್ಕೆ ಎಣ್ಣೆ ಹಾಕಲು ಮಾತ್ರ ಇವರಿಗೆ ಬಿಡುವಿರುವುದಿಲ್ಲ.

"ಇದನ್ನ ಯಾರು ಹಾಕ್ಸಿದ್ದು?"

"ಯಾವುದು ಸರ್?"

"ಈ ಪೀಪಿ."

ಎಂಜಿನಿಯರ್ ಕಿವಿಗೊಟ್ಟು ಕೇಳಿದ. ತಾನು ದಿನಾ ಓಡಾಡುವ ಪೆಟ್ಟಿಗೆಯಲ್ಲಿ ಸಂಗೀತವಿದೆ ಎಂಬುದು ಅವನಿಗೆ ಆಗಷ್ಟೇ ಗೊತ್ತಾದ ಹಾಗಿತ್ತು. "ಅದು ಸಿಸ್ಟಮ್ ಜೊತೆಗೇ ಬರುತ್ತೆ ಸರ್. ಬೇಡ ಅಂದ್ರೆ ಬೇರೆ ಇದೆ. ಹಕ್ಕಿ ಕೂಗೋದು ಇದೆ, ನೀರು ಹರಿಯೋದು ಇದೆ."

ಹಕ್ಕಿ, ನೀರು, ಮತ್ತು ನಾವು. ಅವನಿಗೆ ನಗು ಬಂತು. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಸಾಮಾನು ಕೋಣೆಯಲ್ಲಿ, ಟ್ಯೂಬಿನ ರಬ್ಬರ್ ವಾಸನೆಯ ನಡುವೆ, ಮೂರು ಹುಡುಗರು ಈ ಹಾಡಿನ ಮೇಲೆ ಆಣೆಯಿಟ್ಟುಕೊಂಡಿದ್ದರು. ಆಣೆ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಇದನ್ನು ಒಮ್ಮೆ ಕೇಳಿದವನು ಇನ್ನು ಆಫೀಸರ್ ಆಗಲಾರ, ಶನಿವಾರ ಕ್ಷೌರ ಮಾಡಿಸಿಕೊಳ್ಳಲಾರ, ಯಾರಾದರೂ ಏನಾದರೂ ಕೇಳಿದರೆ 'ನೋಡೋಣ' ಅನ್ನುವ ಪ್ರಾಣಿಯಂತೂ ಆಗಲಾರ ಎಂದು ಮೂವರಿಗೂ ಖಾತ್ರಿಯಿತ್ತು. ಹಾಡುವವನು ಕೊಕ್ಕರೆ, ಏಕೆಂದರೆ ಅವನ ಕತ್ತು ಹಾಗಿತ್ತು. ಗಿಟಾರಿನವನು ಮುನಿ, ಏಕೆಂದರೆ ಬಾಯಿ ಬಿಡುತ್ತಿರಲಿಲ್ಲ. ಡ್ರಮ್ಮು ಕೊಳ್ಳಲಾಗದೆ ಖಾಲಿ ಪೇಂಟ್ ಡಬ್ಬಿ, ಬಿಸ್ಕತ್ತಿನ ಡಬ್ಬಿಗಳನ್ನು ಬೋರಲು ಹಾಕಿಕೊಂಡು ಹೊಡೆಯುತ್ತಿದ್ದ ಇವನು ಡಬ್ಬಿ. ಶನಿವಾರ ಕ್ಷೌರ ಮಾಡಿಸಿಕೊಳ್ಳುವ ಡಬ್ಬಿ ಈಗ ನಾಲ್ಕನೇ ಮಹಡಿಯಲ್ಲಿ ಇಳಿದು, ಲಿಫ್ಟನ್ನು ಕೆಳಗೆ ಕಳಿಸಲು ಹೇಳಿ, ಮುಚ್ಚಿದ ಬಾಗಿಲಿನ ಸಂದಿಗೆ ಬೆರಳು ತೂರಿಸಿ ಪಕ್ಕಕ್ಕೆ ತಳ್ಳಿದ. ತೆರೆಯಬಾರದಿದ್ದ ಬಾಗಿಲು ಆಕಳಿಸಿದ ಹಾಗೆ ತೆರೆದುಕೊಂಡಿತು. ಒಳಗೆ ಕತ್ತಲ ಗುಂಡಿ, ಗ್ರೀಸಿನ ವಾಸನೆ, ಕೆಳಗೆಲ್ಲೋ ಇನ್ನೂ ಸಣ್ಣಗೆ ಕೊಳಲು.

"ಬೀಗ ಸವೆದಿದೆ. ಲಿಫ್ಟ್ ನಿಲ್ಲಿಸಿ. ಬೀಗ ಬದಲಾಯಿಸೋವರೆಗೂ ಯಾರೂ ಹತ್ತಬಾರದು."

"ಸರ್, ಅಷ್ಟು ಜೋರಾಗಿ ಯಾರು ತಳ್ತಾರೆ ಸರ್?"

"ಮಕ್ಕಳು ತಳ್ತಾರೆ. ಸಿಟ್ಟು ಬಂದವರು ತಳ್ತಾರೆ. ನಾನು ತಳ್ಳಲಿಲ್ವಾ?"

ಎಂಜಿನಿಯರ್ ಮುಖ ಸಪ್ಪೆ ಮಾಡಿಕೊಂಡ. ಅಲ್ಲೇ ಕಾದು ನಿಂತಿದ್ದ ಕಟ್ಟಡದ ಮ್ಯಾನೇಜರ್ ಕೈ ಕೈ ಹಿಸುಕಿಕೊಂಡ. ಇವನಿಗೆ ತನ್ನ ಕೆಲಸದಲ್ಲಿ ಇಷ್ಟವಾಗುತ್ತಿದ್ದ ಕ್ಷಣ ಇದೊಂದೇ. ಇವರೆಲ್ಲ ಹೀಗೆ ಕುಗ್ಗುವುದು, ತಾನು ಏನೂ ಆಗಿಲ್ಲವೆಂಬಂತೆ ಕರವಸ್ತ್ರದಲ್ಲಿ ಬೆರಳು ಒರೆಸಿಕೊಳ್ಳುವುದು. ಒರೆಸಿಕೊಳ್ಳುತ್ತಿರುವಾಗಲೇ ಎದುರಿಗಿದ್ದ ಹಲ್ಲಿನ ಆಸ್ಪತ್ರೆಯ ಗಾಜಿನ ಬಾಗಿಲು ತಳ್ಳಿಕೊಂಡು ಹಸಿರು ಮಾಸ್ಕಿನ ದಡೂತಿ ಆಸಾಮಿಯೊಬ್ಬ ಹೊರಗೆ ಬಂದ. ತಲೆಯ ಮುಂದೆ ಬೋಳು, ಹಿಂದೆ ರಬ್ಬರ್ ಬ್ಯಾಂಡ್ ಹಾಕಿದ ಇಲಿಬಾಲದಂಥ ಜುಟ್ಟು. ಅವನು ನಿಂತ, ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡ.

"ಏಯ್! ಡಬ್ಬಿ ಅಲ್ವೇನೋ ನೀನು?"

ಎಂಜಿನಿಯರ್ ತಲೆ ತಗ್ಗಿಸಿದ. ತುಟಿ ಕಚ್ಚಿಕೊಂಡಿದ್ದು ಕಾಣಿಸಿತು. ಮ್ಯಾನೇಜರನಿಗೆ ಅಷ್ಟೂ ಸಂಯಮವಿರಲಿಲ್ಲ; ಅವನು 'ಡಬ್ಬಿ' ಎಂಬ ಪದವನ್ನು ಬಾಯಲ್ಲಿಟ್ಟುಕೊಂಡು ರುಚಿ ನೋಡುತ್ತಿದ್ದ. ಕೊಕ್ಕರೆಗೆ ಈಗ ಕತ್ತೇ ಇರಲಿಲ್ಲ. ಆ ಕತ್ತು ಎಲ್ಲಿ ಹೋಯಿತೆಂದು ಇವನು ಹುಡುಕುತ್ತಿದ್ದಂತೆಯೇ ಕೊಕ್ಕರೆ ಬಂದು, ಔಷಧಿಯ ಘಾಟಿನ ಸಮೇತ ತಬ್ಬಿಕೊಂಡ. "ಮತ್ತೆ ಶುರು ಮಾಡಿದ್ದೀವಿ ಕಣೋ. ನಾನು, ಮುನಿ. ಮುಂದಿನ ವಾರ, ಶನಿವಾರ, ಇದೇ ಕಟ್ಟಡದ ಟೆರೇಸಲ್ಲಿ ನಮ್ಮ ಹಲ್ಲಿನ ಡಾಕ್ಟರುಗಳ ಪಾರ್ಟಿ, ಅಲ್ಲಿ ನುಡಿಸ್ತೀವಿ. ಡ್ರಮ್ ಸೆಟ್ ತಂದಿಟ್ಟಿದ್ದೀನಿ, ಕೂರೋನೇ ಇಲ್ಲ. ಈ ಭಾನುವಾರ ಮಧ್ಯಾಹ್ನ ನಮ್ಮನೆಗೆ ಬಾ."

"ಅದನ್ನೆಲ್ಲ ಬಿಟ್ಟು ಬಹಳ ಕಾಲ ಆಯ್ತು."

"ಬಿಡೋಕೆ ಅದೇನು ಸಿಗರೇಟಾ? ಬಾರೋ."

"ನೋಡೋಣ," ಎಂದ ಅವನು.

ಅಲ್ಲಿಂದ ಆಫೀಸಿನವರೆಗೂ, ಆಫೀಸಿನಿಂದ ಮನೆಯವರೆಗೂ ಅವನು ಕೊಕ್ಕರೆಯ ಜುಟ್ಟನ್ನು ಬಯ್ದ. ಐವತ್ತು ದಾಟಿದ ಗಂಡಸು, ಬೇರೆಯವರ ಬಾಯೊಳಗೆ ಕೈ ಹಾಕಿ ಬದುಕುವವನು, ಇನ್ನೂ ತಾನು ಯಾವುದೋ ವೇದಿಕೆಗೆ ಸೇರಿದವನೆಂದು ನಂಬಿಕೊಂಡು ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಾನಲ್ಲ! ಇಂಥವರು ಎಲ್ಲ ಕಡೆ ಇದ್ದಾರೆ. ಆಫೀಸಿನ ಹೆಡ್ ಕ್ಲಾರ್ಕ್ ಇದ್ದಾನೆ, ಎರಡು ಗುಟುಕು ಒಳಗೆ ಹೋದರೆ ಸಾಕು, 'ನಮ್ ಕಾಲದ ಮ್ಯೂಸಿಕ್ಕು' ಅಂತ ಕಣ್ಣು ಒದ್ದೆ ಮಾಡಿಕೊಳ್ಳುತ್ತಾನೆ. ಇವರ ಕಾಲವಂತೆ. ಇವರದ್ದು ಅಂತ ಒಂದು ಕಾಲ ಇತ್ತೇ? ಯಾವುದೋ ದೇಶದ ಯಾರೋ ಉದ್ದ ಕೂದಲಿನವರು ಯಾವುದೋ ಸಿಟ್ಟಿನಲ್ಲಿ ಕಿರುಚಿದ್ದನ್ನು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು, ಅರ್ಧ ಹಾಡು ಅರ್ಧ ಕೊರ್ರೆನ್ನುವ ಸದ್ದನ್ನು ಎದೆಗೊತ್ತಿಕೊಂಡು, ಅದನ್ನೇ ತಮ್ಮ ಕಾಲ ಅಂದುಕೊಂಡರು. ಎಂಜಲು ಕಾಲ. ಅವನಿಗೆ ಈ ಮಾತು ಹಿಡಿಸಿತು. ಯಾರಿಗಾದರೂ ಹೇಳಬೇಕೆನ್ನಿಸಿತು. ಹೇಳಲು ಯಾರೂ ಹೊಳೆಯಲಿಲ್ಲ.

ಮನೆಯಲ್ಲಿ ಹೆಂಡತಿ ಊಟದ ಮೇಜಿನ ತುಂಬ ಮಕ್ಕಳ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದಳು. ಭೂಗೋಳದ ಟೀಚರು, ಯಾರೋ ಹುಡುಗ ನದಿಯನ್ನು ಬೆಟ್ಟ ಹತ್ತಿಸಿದ್ದನ್ನು ನೋಡಿ ತನ್ನಷ್ಟಕ್ಕೆ ನಗುತ್ತಿದ್ದಳು. ಮಗಳು ಸೋಫಾದಲ್ಲಿ ಮಲಗಿ ಕಿವಿಗೆ ಬಿಳಿ ಗುಂಡು ಸಿಕ್ಕಿಸಿಕೊಂಡು ಕಾಲಿನ ಹೆಬ್ಬೆರಳು ಆಡಿಸುತ್ತಿದ್ದಳು. ಅವಳು ಕೇಳುವುದು ಅವನಿಗೆ ಗೊತ್ತಿತ್ತು, ಒಮ್ಮೆ ಕದ್ದು ಕೇಳಿಸಿಕೊಂಡಿದ್ದ. ಪಿಸುಪಿಸು ಎಂದು, ನಿದ್ದೆಗಣ್ಣಿನಲ್ಲಿ, ಹಾಸಿಗೆಯಿಂದ ಏಳದೆ ಹಾಡಿದ ಹಾಗಿರುವ ಹಾಡುಗಳು. ಇವಕ್ಕೆ ಬೆನ್ನುಮೂಳೆಯೇ ಇಲ್ಲ ಎಂದು ಅವನು ಆಗ ತೀರ್ಮಾನಿಸಿದ್ದ. ಈಗ ಅವಳ ಎದುರು ನಿಂತು, ಬೇರೆ ಏನನ್ನೋ ಕೇಳಲು ಬಂದವನಂತೆ, ಹಾಡಿನ ಮೊದಲ ಸಾಲು ಹೇಳಿ, "ಇದು ನಿನ್ನ ಫೋನಲ್ಲಿ ಸಿಗುತ್ತಾ?" ಎಂದ. ಹೇಳುವಾಗ ನಾಚಿಕೆಯಾಯಿತು. ಆಗ ಒಂದು ಕ್ಯಾಸೆಟ್ಟಿಗಾಗಿ ಮೂವರೂ ಮುನಿಯ ಸೋದರಮಾವ ಹಡಗಿನಿಂದ ಇಳಿಯುವುದನ್ನು ಒಂದು ಇಡೀ ಬೇಸಿಗೆ ಕಾದಿದ್ದರು. ಮಗಳು ಕಿವಿಯ ಗುಂಡು ತೆಗೆದು ಎರಡು ಬೆರಳು ಆಡಿಸಿದಳು, ಅಷ್ಟೇ, ಕಿರುಚಾಟ ಶುರುವಾಯಿತು.

"ಓ, ಇದಾ? ಟೈರಿನ ಜಾಹೀರಾತಲ್ಲಿ ಬರುತ್ತಲ್ಲ!"

"ಟೈರಿಗಿಂತ ಮುಂಚೆ ಇದು ಹಾಡಾಗಿತ್ತು."

"ತಾಳಪ್ಪ, ಪದ ನೋಡೋಣ." ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಸಾಲುಸಾಲಾಗಿ ಇಂಗ್ಲಿಷ್ ಅಕ್ಷರಗಳು ಮೇಲೇರುತ್ತಿದ್ದವು. ಅವನು ಆ ಪದಗಳನ್ನು ಓದಿರಲೇ ಇಲ್ಲ. ಆಗ ಅವರಿಗೆ ಅರ್ಧ ಕೇಳಿಸುತ್ತಿರಲಿಲ್ಲ, ಕೇಳಿಸಿದ ಅರ್ಧ ಅರ್ಥವಾಗುತ್ತಿರಲಿಲ್ಲ. ಕೊಕ್ಕರೆ ತೋಚಿದ ಶಬ್ದಗಳನ್ನು ತುಂಬಿಕೊಂಡು ಹಾಡುತ್ತಿದ್ದ. ಊರಿಗೆ ಬೆಂಕಿ ಇಡುವ ಹಾಡು ಅದು ಎಂದು ಮೂವರೂ ಒಪ್ಪಿಕೊಂಡಿದ್ದರು, ಏಕೆಂದರೆ ನಡುವೆ ಒಂದು ಕಡೆ 'ಬೆಂಕಿ' ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮಗಳು ಪೂರ್ತಿ ಓದಿದಳು. ಓದಿ, ತುಂಬ ಮೃದುವಾಗಿ, ಅವನಿಗೆ ಪೆಟ್ಟಾಗಬಾರದೆಂಬಂತೆ ಹೇಳಿದಳು: "ಪಾಪ ಅಪ್ಪ, ಅವನ ಕಾರು ಸ್ಟಾರ್ಟ್ ಆಗ್ತಿಲ್ಲ ಅಷ್ಟೇ. ಎಂಜಿನ್‌ನಲ್ಲಿ ಬೆಂಕಿ ಇಲ್ಲ ಅಂತಿದ್ದಾನೆ. ಅವನ ಹುಡುಗಿ ಇನ್ನೊಬ್ಬನ ಕಾರಲ್ಲಿ ಹೋಗ್ಬಿಟ್ಟಿದ್ದಾಳೆ."

ಮೇಜಿನಿಂದ ಹೆಂಡತಿ ನಕ್ಕಳು. ನದಿಗೋ ಕಾರಿಗೋ ತಿಳಿಯಲಿಲ್ಲ. ಅವನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡ, ತೊಳೆದ ಮುಖವನ್ನೇ ಮತ್ತೆ ತೊಳೆದುಕೊಂಡ. ಭಾನುವಾರ ಹೋಗುವುದಿಲ್ಲ ಎಂದು ನಿರ್ಧಾರ ಮಾಡಿದ. ಆ ನಿರ್ಧಾರ ಅವನಿಗೆ ಎಷ್ಟು ನೆಮ್ಮದಿ ಕೊಟ್ಟಿತೆಂದರೆ ವಾರವಿಡೀ ಅದನ್ನು ಮತ್ತೆ ಮತ್ತೆ ತೆಗೆದು ನೋಡಿಕೊಂಡ.

ಭಾನುವಾರ ಊಟವಾದ ಮೇಲೆ ಅವನು ಕಪ್ಪು ಟೀ ಶರ್ಟ್ ಹಾಕಿಕೊಂಡಿದ್ದನ್ನು ಹೆಂಡತಿ ನೋಡಿದಳು. ಹೊಟ್ಟೆಯ ಹತ್ತಿರ ಅದು ಬಿಗಿದು ಬಿಳುಪೇರಿತ್ತು.

"ಯಾಕ್ರೀ, ಭಾನುವಾರ ಲಿಫ್ಟಿಗೂ ರಜೆ ಇಲ್ವಾ?"

"ಲಿಫ್ಟಲ್ಲ. ಸ್ನೇಹಿತರ ಮನೆಗೆ."

"ನಿಮಗೆ ಸ್ನೇಹಿತರಿದ್ದಾರಾ?" ಎಂದಳು ಅವಳು. ಕೊಂಕಿಗೆ ಕೇಳಿದ್ದಲ್ಲ. ನಿಜವಾಗಿ ಆಶ್ಚರ್ಯಪಟ್ಟು ಕೇಳಿದ್ದು. ಅದಕ್ಕೇ ಅದು ದಾರಿಯುದ್ದಕ್ಕೂ ಚಪ್ಪಲಿಯೊಳಗೆ ಸೇರಿದ ಹರಳಿನ ಹಾಗೆ ಒತ್ತುತ್ತಿತ್ತು.

ಕೊಕ್ಕರೆಯ ಮನೆಯ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗವನ್ನು ಖಾಲಿ ಮಾಡಿ ಗೋಡೆಗೆಲ್ಲ ಹಳೆಯ ಹಾಸಿಗೆ ಒರಗಿಸಿದ್ದರು, ಸದ್ದು ಹೊರಗೆ ಹೋಗದಿರಲಿ ಅಂತ. ಊರು ಸುಡಲು ಹೊರಟವರು ಈಗ ಪಕ್ಕದ ಮನೆಯವರ ಮಧ್ಯಾಹ್ನದ ನಿದ್ದೆಗೆ ಹಾಸಿಗೆ ಹಾಸುತ್ತಾರೆ, ಎಂದುಕೊಂಡ ಅವನು. ಕೊಕ್ಕರೆಯ ಹೆಂಡತಿ, ದೊಡ್ಡ ಕನ್ನಡಕದ ಚುರುಕು ಹೆಂಗಸು, ಮೂರು ಕಾಲಿನ ಸ್ಟ್ಯಾಂಡಿಗೆ ಫೋನ್ ಸಿಕ್ಕಿಸಿ, "ಅಣ್ಣಾ, ಸ್ವಲ್ಪ ಬೆಳಕಿಗೆ ಬನ್ನಿ," ಎಂದಳು. ಮುನಿ ಮೂಲೆಯಲ್ಲಿ ಗಿಟಾರಿನ ಬಿರಡೆ ತಿರುಪುತ್ತ ಕೂತಿದ್ದ. ಅವನೀಗ ಯಾವುದೋ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಇವನನ್ನು ನೋಡಿ ತಲೆ ಆಡಿಸಿದ, ನಿನ್ನೆ ತಾನೇ ಭೇಟಿಯಾದವರಂತೆ. ಆ ತಲೆಯಾಟ ಇವನಿಗೆ ಹಿಡಿಸಿತು. ಹಿಡಿಸಿದ್ದಕ್ಕೆ ತನ್ನ ಮೇಲೆಯೇ ರೇಗಿತು.

ಅವನು ಕೂತ. ಜೀವನದಲ್ಲಿ ಮೊದಲ ಸಲ ನಿಜವಾದ ಡ್ರಮ್ಮುಗಳ ಹಿಂದೆ ಕೂತ. ಕೋಲುಗಳು ಹಗುರವಾಗಿದ್ದವು, ಹಗುರವಾದದ್ದರಿಂದ ಬೆವರುವ ಕೈಯಲ್ಲಿ ಜಾರುತ್ತಿದ್ದವು. ಮುನಿ ಒಮ್ಮೆ ಕತ್ತು ಬಗ್ಗಿಸಿ ಆ ಕಿರುಚಾಟವನ್ನು ಎಬ್ಬಿಸಿದ. ಲಿಫ್ಟಿನ ಕೊಳಲೂ ಟೈರೂ ಕೆಟ್ಟ ಕಾರೂ ಒಂದೇ ಏಟಿಗೆ ಮಾಯವಾದವು. ಅವನ ಕೈ ಅವನನ್ನು ಕೇಳದೆ ಏರಿತು. ಹೊಡೆದ. ಎದೆಯ ಗೂಡಿನೊಳಗೆ ಯಾರೋ ಪೀಠೋಪಕರಣ ಸರಿಸಿದ ಹಾಗಾಯಿತು. ಕೊಕ್ಕರೆ ಇಲ್ಲದ ಕತ್ತನ್ನು ಚಾಚಿ ಕಿರುಚಿದ, ಅದೇ ಹಳೆಯ ತಪ್ಪು ಶಬ್ದಗಳಲ್ಲಿ. ಇಷ್ಟು ವರ್ಷವಾದರೂ ಈ ಮಹಾಶಯ ಸರಿಯಾದ ಪದ ಏನೆಂದು ನೋಡಿರಲಿಲ್ಲ. ಎಂಥ ದಡ್ಡ, ಎಂಥ ಒಳ್ಳೆಯ ದಡ್ಡ ಎನ್ನಿಸಿ ಅವನಿಗೆ ಜೋರಾಗಿ ನಗಬೇಕೆನಿಸಿತು, ನಕ್ಕನೂ ಕೂಡ, ಯಾರಿಗೂ ಕೇಳಿಸಲಿಲ್ಲ. ತೋಳು ಉರಿಯುತ್ತಿತ್ತು. ಕಾಲು ಯಾವಾಗಲೋ ತಪ್ಪುತ್ತಿತ್ತು, ಮತ್ತೆ ಸಿಗುತ್ತಿತ್ತು. ಸ್ಕೂಲ್ ಡೇ ದಿನ ಹೀಗೇ ತೋಳು ಉರಿದಿತ್ತು. ಅವತ್ತು ಹಾಡಿನ ನಡುವೆ ಕರೆಂಟ್ ಹೋಯಿತು. ಗಿಟಾರ್ ಸತ್ತಿತು, ಮೈಕ್ ಸತ್ತಿತು, ಸಭಾಂಗಣ ಕತ್ತಲಾಯಿತು. ಉಳಿದದ್ದು ಅವನೊಬ್ಬ. ಕತ್ತಲೆಯಲ್ಲಿ ಅವನು ಪೇಂಟ್ ಡಬ್ಬಿಗಳ ಮೇಲೆ ಹೊಡೆಯುತ್ತಲೇ ಹೋದ, ಮೊದಲು ಹೆದರಿ, ಆಮೇಲೆ ಹೆದರಿಕೆ ಎಲ್ಲಿ ಹೋಯಿತೋ ತಿಳಿಯದೆ, ಮತ್ತು ಕತ್ತಲೆಯ ಆ ಕಡೆಯಿಂದ ಇಡೀ ಸಭೆ ಅವನ ತಾಳಕ್ಕೆ ಚಪ್ಪಾಳೆ ಹೊಡೆಯಿತು. ಈ ಒಂದು ಸಂಗತಿಯನ್ನು ಅವನು ಹೆಂಡತಿಗೆ ಹೇಳಿರಲಿಲ್ಲ, ಮಗಳಿಗೆ ಹೇಳಿರಲಿಲ್ಲ. ಮೇಲಧಿಕಾರಿ ಎಲ್ಲರೆದುರು ಬಯ್ದ ದಿನ, ತಂದೆ ತೀರಿಕೊಂಡ ವಾರ, ಯಾರದೋ ಮದುವೆಯಲ್ಲಿ ಯಾರೂ ಮಾತಾಡಿಸದೆ ಕುರ್ಚಿಯಲ್ಲಿ ಕೂತಿದ್ದ ಹೊತ್ತು, ಅವನು ಒಳಗೊಳಗೇ ಆ ಕತ್ತಲೆಗೆ ಹೋಗಿ ಕೂತು ಬರುತ್ತಿದ್ದ. ಲೋಕದ ಬಗ್ಗೆ ತನಗಿರುವ ತಾತ್ಸಾರಕ್ಕೆಲ್ಲ ಅದೇ ಅಧಿಕಾರಪತ್ರ. ಅವನು ಒಂದು ಸಲ, ಒಬ್ಬನೇ, ನಿಲ್ಲಿಸದೆ ಹೊಡೆದವನು.

ಹಾಡು ಮುಗಿದಾಗ ಮೂವರೂ ಏದುಸಿರು ಬಿಡುತ್ತಿದ್ದರು. ಕೊಕ್ಕರೆಯ ಹೆಂಡತಿ ಚಹಾ ತಂದಳು. "ಅಣ್ಣಂಗೆ ಆ ಸ್ಕೂಲ್ ಡೇ ಕಥೆ ನೆನಪಿದೆಯಾ? ಇವರು ಬಂದವರಿಗೆಲ್ಲ ಹೇಳ್ತಾನೇ ಇರ್ತಾರೆ."

"ಮರೆಯೋಕಾಗುತ್ತಾ!" ಕೊಕ್ಕರೆ ಲೋಟ ಎತ್ತಿ ಹಿಡಿದ. "ಕರೆಂಟ್ ಹೋಯ್ತು. ಎಲ್ಲ ಕತ್ತಲು. ಮೈಕಿಲ್ಲ, ಏನಿಲ್ಲ. ನಾನು ಬಿಡಲಿಲ್ಲ ನೋಡು, ಬರೀ ಗಂಟಲಲ್ಲೇ ಹಾಡ್ತಾ ಹೋದೆ. ಇಡೀ ಹಾಲು ಚಪ್ಪಾಳೆ!"

ಅವನು ಲೋಟ ಕೆಳಗಿಟ್ಟ. "ನೀನು ಹಾಡಲಿಲ್ಲ. ನೀನು ನಿಲ್ಲಿಸ್ದೆ. ಹೊಡೀತಿದ್ದವನು ನಾನು."

"ನೀನಾ? ನೀನು ಸ್ಟೇಜಿಂದ ಇಳಿದು ಓಡಿಹೋಗಿದ್ಯಲ್ಲೋ ಹೆದರಿ! ಡಬ್ಬಿ ಉರುಳಿದ ಸದ್ದು ನನಗಿನ್ನೂ ಕಿವೀಲಿದೆ."

"ಓಡಿಹೋಗಿದ್ನಾ?" ಅವನ ದನಿ ಏರಿತು. ಕೊಕ್ಕರೆಯ ಹೆಂಡತಿ ಮುಗುಳ್ನಗೆಯನ್ನು ಅರ್ಧಕ್ಕೇ ಹಿಡಿದುಕೊಂಡಳು. "ಮುನಿ, ನೀನು ಹೇಳೋ. ಯಾರು ಹೊಡೀತಿದ್ರು?"

ಮುನಿ ಚಹಾದ ಕೆನೆಯನ್ನು ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗೆ ಒರೆಸಿದ. ಅವನಿಗೆ ಮಾತಾಡುವ ಮನಸ್ಸಿರಲಿಲ್ಲ, ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡದಿರುವುದು ಮೇಷ್ಟ್ರಿಗೆ ಆಗದ ಕೆಲಸ. "ಕರೆಂಟ್ ಹೋಗ್ಲಿಲ್ಲ ಕಣ್ರೋ. ಹೆಡ್‌ಮಾಸ್ಟರು ಮೇನ್ ಸ್ವಿಚ್ ಆಫ್ ಮಾಡ್ಸಿದ್ರು. ಸಾಕು ನಿಲ್ಸಿ ಅಂತ ಮೊದಲೇ ಹೇಳಿ ಕಳ್ಸಿದ್ರಂತೆ, ನಮಗೆ ಕೇಳಿಸ್ಲಿಲ್ಲ. ನೀವಿಬ್ರೂ ನಿಲ್ಲಿಸ್ಲಿಲ್ಲ, ಒಬ್ಬ ಕಿರುಚ್ತಾ ಇದ್ದ, ಇನ್ನೊಬ್ಬ ಬಡೀತಾ ಇದ್ದ. ಅದಕ್ಕೇ ಎಲ್ರೂ ಚಪ್ಪಾಳೆ ತಟ್ಟಿದ್ದು. ಕೂರ್ಸೋಕೆ ತಟ್ತಾರಲ್ಲ, ಹಾಗೆ. ನಗ್ತಾ ಇದ್ರು. ನಮ್ಮಮ್ಮ ಮುಂದಿನ ಸಾಲಲ್ಲೇ ಇದ್ರು, ಎದ್ದು ಹೋಗ್ಬಿಟ್ರು."

ಕೊಕ್ಕರೆ ಲೋಟ ಪಕ್ಕಕ್ಕಿಟ್ಟ. ಆಮೇಲೆ ಹೊಟ್ಟೆ ಕುಲುಕಿಸಿ ನಗಲು ಶುರುಮಾಡಿದ. "ಕೂರ್ಸೋಕಾ! ಅಯ್ಯೋ ನಮ್ಮ ಹಣೆಬರಹವೇ! ಇಷ್ಟು ವರ್ಷ ಹೇಳ್ಲೇ ಇಲ್ವಲ್ಲೋ ಪಾಪಿ!" ಅವನ ಹೆಂಡತಿಯೂ ನಕ್ಕಳು, ಮುನಿಯೂ ತುಟಿ ಅರಳಿಸಿದ. ತನಗೆ ಅವಮಾನವಾದದ್ದನ್ನು ಹೀಗೆ ಒಂದು ಲೋಟ ಚಹಾದ ಜೊತೆ ಕುಡಿದುಬಿಡುವ ಈ ದಪ್ಪ ಚರ್ಮದವನನ್ನು ನೋಡುತ್ತ ಅವನು ಕೂತ. ಅವನಿಗೆ ನಗು ಬರಲಿಲ್ಲ. ಕತ್ತಲೆಯ ಆ ಕಡೆಯ ಚಪ್ಪಾಳೆಯನ್ನು ಮತ್ತೆ ಕೇಳಿಸಿಕೊಳ್ಳಲು ನೋಡಿದ. ಅದು ಈಗ ಒಂದು ತಾಳಕ್ಕೂ ಕೂಡುತ್ತಿರಲಿಲ್ಲ. ಮುಂದಿನ ಸಾಲಿನಿಂದ ಹೆಂಗಸೊಬ್ಬಳು ಸೆರಗು ಸರಿಮಾಡಿಕೊಂಡು ಎದ್ದು ಹೋಗುತ್ತಿದ್ದಳು.

"ಅದಿರಲಿ," ಎಂದ ಕೊಕ್ಕರೆ, ಕಣ್ಣೊರೆಸಿಕೊಂಡು, "ಇವತ್ತು ಚೆನ್ನಾಗೇ ಹೊಡೆದೆ. ತಾಳ ಅಲ್ಲಲ್ಲಿ ಆಚೆ ಈಚೆ ಆಯ್ತು, ಪರವಾಗಿಲ್ಲ. ಶನಿವಾರಕ್ಕೆ ತಾಳ ಹೊಡೆಯೋ ಮೆಷಿನ್ ಇದೆ ಕಣೋ. ಅದೇ ಹೊಡ್ಕೊಂಡು ಹೋಗುತ್ತೆ. ನೀನು ಸುಮ್ನೆ ಹಿಂದೆ ಕೂತು ಕೈ ಆಡಿಸ್ತಾ ಇದ್ರೆ ಸಾಕು, ನೋಡೋಕೆ ಲಕ್ಷಣವಾಗಿರುತ್ತೆ. ಹಾಂ, ಇನ್ನೊಂದು. ನಾಳೆ ಆ ಲಿಫ್ಟ್ ಒಂದು ನೋಡ್ಬಿಡು. ಬೀಗ ಹೊಸದು ಹಾಕಿದ್ದಾರಂತೆ. ಪೇಷೆಂಟುಗಳು ಮೆಟ್ಟಿಲು ನೋಡಿ ವಾಪಸ್ ಹೋಗ್ತಿದ್ದಾರೆ."

ಇದಕ್ಕಾ, ಎಂದುಕೊಂಡ ಅವನು. ಇದಕ್ಕೇ ಕರೆದದ್ದು. ತಬ್ಬಿಕೊಂಡದ್ದು, ಚಹಾ, ಅಣ್ಣಾ ಅಂದದ್ದು. ಹಾಗೆ ಅಂದುಕೊಂಡ ಕೂಡಲೇ ಅವನಿಗೆ ಗೊತ್ತಿತ್ತು ಇದು ಸುಳ್ಳೆಂದು. ಲಿಫ್ಟ್ ನಿಲ್ಲಿಸಿದ ಸುದ್ದಿ ಕಿವಿಗೆ ಬೀಳುವ ಮೊದಲೇ ಕೊಕ್ಕರೆ ತಬ್ಬಿಕೊಂಡಿದ್ದ. ಹುನ್ನಾರ ಮಾಡುವಷ್ಟು ಬುದ್ಧಿ ಆ ತಲೆಯಲ್ಲಿ ಯಾವತ್ತೂ ಇರಲಿಲ್ಲ. ಆದರೂ ಆ ಸುಳ್ಳು ಬೆಚ್ಚಗಿತ್ತು. ಅದನ್ನು ಹೊದ್ದುಕೊಂಡು ಅವನು ಮನೆಗೆ ನಡೆದ.

ಮಾರನೆಯ ದಿನ ಬೆಳಿಗ್ಗೆ ಎಂಜಿನಿಯರ್ ನಾಲ್ಕನೇ ಮಹಡಿಯ ಬಾಗಿಲ ಮುಂದೆ ಕಾಯುತ್ತಿದ್ದ. ಸೆಂಟು ಇರಲಿಲ್ಲ, ಮುಂಗೈಗೆ ಗ್ರೀಸ್ ಅಂಟಿತ್ತು. ಇವನು ಸಂದಿಗೆ ಬೆರಳು ತೂರಿಸಿ ತಳ್ಳಿದ. ಬಾಗಿಲು ಅಲ್ಲಾಡಲಿಲ್ಲ. ಎರಡು ಕೈ ಹಾಕಿ, ಭುಜ ಕೊಟ್ಟು ತಳ್ಳಿದ, ಮುಖ ಕೆಂಪಾಯಿತು. ಬಾಗಿಲು ಬಂಡೆಯ ಹಾಗೆ ನಿಂತಿತ್ತು. ಬೇರೆ ಮಹಡಿಗಳನ್ನೂ ನೋಡಿದ, ಹಗ್ಗ ನೋಡಿದ, ಬ್ರೇಕ್ ನೋಡಿದ. ಎಲ್ಲ ಸರಿಯಿತ್ತು. ಇಷ್ಟು ಸರಿಯಾದ ಲಿಫ್ಟನ್ನು ಅವನು ಈ ಊರಿನಲ್ಲಿ ನೋಡಿದ್ದು ಕಡಿಮೆ. ಮತ್ತೆ ನಾಲ್ಕಕ್ಕೆ ಬಂದಾಗ ಗಾಜಿನ ಬಾಗಿಲಿನ ಆ ಕಡೆ ಕೊಕ್ಕರೆ ಯಾರದೋ ಬಾಯಿಗೆ ಬಗ್ಗಿ ಕೆಲಸ ಮಾಡುತ್ತ, ಇವನನ್ನು ನೋಡಿ ಮೊಣಕೈ ಎತ್ತಿ ಕೋಲು ಆಡಿಸಿದ ಹಾಗೆ ಅಭಿನಯಿಸಿದ. ಬರೀ ಕೈ ಆಡಿಸಿದ.

"ಹೊಂದಿಕೊಂಡಿಲ್ಲ," ಎಂದ ಅವನು ಎಂಜಿನಿಯರನಿಗೆ.

"ಸರ್?"

"ಹೊಸ ಬೀಗ ಸರಿಯಾಗಿ ಹೊಂದಿಕೊಂಡಿಲ್ಲ. ಇನ್ನೂ ಸ್ವಲ್ಪ ದಿನ ನಿಲ್ಸಿ. ಮುಂದಿನ ವಾರ ಬಂದು ನೋಡ್ತೀನಿ."

"ಸರ್, ನೀವೇ ತಳ್ಳಿದ್ರಲ್ಲ ಸರ್, ಭುಜ ಕೊಟ್ಟು..."

"ನನಗೆ ಹೇಳ್ಕೊಡ್ತೀರಾ?"

ಎಂಜಿನಿಯರ್ ಅವನನ್ನು ನೋಡಿದ. ಆ ನೋಟ ಅವನಿಗೆ ಪರಿಚಯದ್ದು. ಅದನ್ನು ತಾನು ದಿನವೂ ಬೇರೆಯವರ ಮೇಲೆ ಬಿಡುತ್ತಿದ್ದ, ತನ್ನ ಮೇಲೆ ಬಿದ್ದಾಗ ಅದು ಇಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲ. ಎಂಜಿನಿಯರ್ ಮೆಟ್ಟಿಲಿಳಿದು ಕೆಳಗೆ ಹೋದ. ಅವನು ಸ್ವಲ್ಪ ಹೊತ್ತು ನಿಂತು, ತನ್ನನ್ನು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಿಂದೆಯೇ ಇಳಿಯತೊಡಗಿದ. ಶನಿವಾರ ಆ ಹಲ್ಲು ವೈದ್ಯರೆಲ್ಲ ತೂಕದ ಸ್ಪೀಕರುಗಳನ್ನು ಹೊತ್ತುಕೊಂಡು ಟೆರೇಸಿಗೆ ಹತ್ತುವುದನ್ನು ಊಹಿಸಿಕೊಂಡ. ಕೊಕ್ಕರೆಯ ಜುಟ್ಟು ಬೆವರಿನಲ್ಲಿ ತೊಯ್ಯುವುದನ್ನು ಊಹಿಸಿಕೊಂಡ. ಸಂತೋಷವಾಗಬೇಕಿತ್ತು.

ಮೂರನೇ ಮಹಡಿಯ ತಿರುವಿನಲ್ಲಿ ಒಬ್ಬ ಮುದುಕಿ ಮೆಟ್ಟಿಲ ಮೇಲೆ ಕೂತಿದ್ದಳು. ಒಂದು ಕೆನ್ನೆ ಊದಿ ಹೊಳೆಯುತ್ತಿತ್ತು, ಅದನ್ನು ಮಡಿಸಿದ ಟವೆಲಿನಿಂದ ಒತ್ತಿ ಹಿಡಿದಿದ್ದಳು. ಇನ್ನೊಂದು ಕೈ ಕಂಬಿಯ ಮೇಲೆ. ಉಸಿರು ಎಳೆದಾಗೆಲ್ಲ ಭುಜವೂ ಏಳುತ್ತಿತ್ತು. ಅವನು ಪಕ್ಕದಿಂದ ಇಳಿದು ಹೋಗಲು ನೋಡಿದ. ಜಾಗ ಸಾಲಲಿಲ್ಲ.

"ಹಲ್ಲಿನ ಡಾಕ್ಟ್ರು ಇನ್ನೂ ಎಷ್ಟು ಮೇಲಪ್ಪಾ?"

"ಇನ್ನೊಂದು ಮಹಡಿ ಅಮ್ಮ."

"ಇನ್ನೂ ಒಂದಾ!" ಅವಳು ಕಣ್ಣು ಮುಚ್ಚಿದಳು. "ಲಿಫ್ಟು ಚೆನ್ನಾಗೇ ಇದೆಯಂತೆ. ಯಾರೋ ಆಫೀಸರ್ ಬಂದು ನಿಲ್ಸಿ ಹೋದ್ನಂತೆ, ಕೆಳಗೆ ಹೇಳಿದ್ರು. ಅವನಿಗೂ ಒಂದಿನ ಹಲ್ಲು ನೋಯಲಿ. ದವಡೆ ಹಲ್ಲೇ ನೋಯಲಿ. ಆಗ ಗೊತ್ತಾಗುತ್ತೆ ಅವನಿಗೆ."

"ನೋಯಲಿ ಅಮ್ಮ," ಎಂದ ಅವನು.

"ಅವನ ಮನೇಲೂ ಯಾರಾದ್ರೂ ವಯಸ್ಸಾದವರು ಇರ್ತಾರೆ ಅಲ್ವಾ?"

ಅವನು ಕಂಬಿಯ ಮೇಲಿಂದ ಬಗ್ಗಿ ನೋಡಿದ. ತೀರ ಕೆಳಗೆ ಎಂಜಿನಿಯರನ ನೆತ್ತಿ ಕಾಣಿಸುತ್ತಿತ್ತು. ಕೂಗಬೇಕಾಯಿತು. ಕೂಗಿದ್ದು ಇಡೀ ಕಟ್ಟಡಕ್ಕೆ ಕೇಳಿಸಿತು. ಮಹಡಿ ಮಹಡಿಯಿಂದ ಯಾರು ಯಾರೋ ಇಣುಕಿದರು. "ಏನ್ರೀ! ಲಿಫ್ಟ್ ಚಾಲೂ ಮಾಡಿ!"

ಎಂಜಿನಿಯರ್ ತಲೆಯೆತ್ತಿದ. ಅವನೂ ಕೂಗಿಯೇ ಕೇಳಿದ, ಬೇಕೆಂದೇ ಕೂಗಿದ: "ಸರ್, ಹೊಂದಿಕೊಂಡಿಲ್ಲ ಅಂದ್ರಲ್ಲ ಸರ್, ಈಗ ತಾನೇ?"

"ನಾನು ಹೇಳಿದ್ದು ತಪ್ಪು! ಬೀಗ ಸರಿಯಾಗಿದೆ. ಚಾಲೂ ಮಾಡಿ, ಮೂರಕ್ಕೆ ಕಳ್ಸಿ!"

ತಪ್ಪು, ತಪ್ಪು ಎಂದು ಗೋಡೆಗಳು ಎರಡು ಸಲ ಹೇಳಿದವು. ಮೇಲಿನ ಮಹಡಿಯಿಂದ ಕೊಕ್ಕರೆಯ ಕಡೆಯವರು ಯಾರೋ ನಕ್ಕರು. ಮುದುಕಿ ಟವೆಲಿನ ಮೇಲಿಂದ ಅವನನ್ನು ದಿಟ್ಟಿಸಿದಳು. ಅವನ ಶರ್ಟು, ಕಿಸೆಯಲ್ಲಿದ್ದ ಗುರುತಿನ ಚೀಟಿ, ಬೂಟು, ಎಲ್ಲವನ್ನೂ ನೋಡಿ ಮುಗಿಸಿದಳು. ಕೆಳಗಿನಿಂದ ಮೋಟಾರು ಗುರ್ರೆಂದು ಎದ್ದಿತು. ಅವನು ಅವಳ ಪಕ್ಕದ ಮೆಟ್ಟಿಲಿಗೆ ಕುಸಿದು ಕೂತ. ಬೆವರುತ್ತಿದ್ದ. ಕೈಗಳಿಗೆ ಏನು ಮಾಡಬೇಕೆಂದು ತಿಳಿಯದೆ ಅವು ತಾವಾಗಿಯೇ ಕಂಬಿಯ ಮೇಲೆ ಹೊಡೆದುಕೊಳ್ಳತೊಡಗಿದವು. ಟೊಳ್ಳು ಕಬ್ಬಿಣ ಖಣಖಣ ಎಂದಿತು, ನಿನ್ನೆ ತಪ್ಪಿದ್ದ ಕಡೆಯೆಲ್ಲ ತಪ್ಪದೆ, ಒಂದೇ ಹದದಲ್ಲಿ.

"ಅದನ್ನ ನಿಲ್ಸಪ್ಪಾ," ಎಂದಳು ಮುದುಕಿ. "ನೇರ ಹಲ್ಲಿಗೇ ಹೊಡೀತಾ ಇದೆ."

ಅವನು ನಿಲ್ಲಿಸಿದ. ಲಿಫ್ಟು ಬಂದು ಬಾಗಿಲು ತೆರೆಯಿತು. ಅವಳ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ. ಅವಳು ಬೇಡವೆನ್ನಲಿಲ್ಲ, ತನ್ನ ಪೂರ್ತಿ ಭಾರವನ್ನು ಅವನ ಮೇಲೆ ಹಾಕಿದಳು.